ಕರಾವಳಿಯಲ್ಲಿ ಖಡಕ್ ಕೆಂಪು ವೈನ್: ಬೋರ್ಡೋದಲ್ಲಿ ಆಗುವುದು ಕುಂದಾಪುರದಲ್ಲಿ ಯಾಕಾಗದು?



ಕಳೆದ ಎರಡು-ಮೂರು ಸಭೆಗಳಲ್ಲಿ ಊಟದ ಹೊತ್ತಿಗೆ ಒಂದೇ ಪ್ರಶ್ನೆ ಬೇರೆ ಬೇರೆ ಬಾಯಿಂದ ಬಂತು. ಊರಿನಲ್ಲಿ ಹಿರಿಯರು ಬಿಟ್ಟುಹೋದ ನಾಲ್ಕೈದು ಎಕರೆ ಗದ್ದೆ ಹಡಿಲು ಬಿದ್ದಿದೆ. ಇಲ್ಲಿ ಹೈದರಾಬಾದಿನಲ್ಲಿ ಹೋಟೆಲು ನಡೆಸಿ ಉಳಿಸಿದ ನಾಲ್ಕು ಕಾಸಿದೆ. ಬಾರ್ ಅಂಡ್ ರೆಸ್ಟೋರೆಂಟ್ ಇಟ್ಟವರ ಬಳಿ ಕೆಂಪು ವೈನ್ ಕೇಳುವ ಗಿರಾಕಿಗಳೂ ಹೆಚ್ಚುತ್ತಿದ್ದಾರೆ. ಫ್ರಾನ್ಸಿನ ಬೋರ್ಡೋ ಸಮುದ್ರದ ಬದಿಯ ಸೀಮೆಯೇ ತಾನೆ, ಹಾಗಾದರೆ ಕುಂದಾಪುರ, ಬ್ರಹ್ಮಾವರದ ಕಡೆ ದ್ರಾಕ್ಷಿ ಹಾಕಿ ನಾವೇ ವೈನ್ ಮಾಡಬಾರದೇಕೆ, ಎಂಬುದು ಪ್ರಶ್ನೆ.

ಒಬ್ಬ ಸದಸ್ಯರಂತೂ ಸಸಿಗೆ ಮುಂಗಡ ಕೊಡುವ ಹಂತಕ್ಕೆ ಬಂದಿದ್ದರು. ಸ್ವಲ್ಪ ತಡೆಯಿರಿ, ನಾಲ್ಕು ಜನರನ್ನು ಕೇಳಿ ಓದಿ ಹೇಳುತ್ತೇವೆ ಎಂದಿದ್ದೆವು. ಈ ಪಾಠ ಅದಕ್ಕಾಗಿ. ಇಡ್ಲಿ, ದೋಸೆ, ಕಾಫಿಯ ಶುದ್ಧ ಸಸ್ಯಾಹಾರಿ ಹೋಟೆಲಿನವರಿಗೆ ಈ ಗೊಡವೆ ಬೇಡ ಎನಿಸಬಹುದು. ಆದರೆ ಅವರ ಊರಿನಲ್ಲೂ ಗದ್ದೆ ಹಡಿಲು ಬಿದ್ದಿದೆ, ಹಾಗಾಗಿ ಅವರೂ ಓದಲಿ.

ಖಡಕ್ ಎಂದರೆ ಏನು

ಚಹಾ ಖಡಕ್ ಆಗಿರಬೇಕು ಎನ್ನುವ ಗಿರಾಕಿ ಕೇಳುವುದು ಬಣ್ಣ, ಒಗರು, ಗಟ್ಟಿತನ ಮೂರನ್ನೂ. ವೈನಿನಲ್ಲೂ ಹಾಗೆಯೇ. ಕಡುಗೆಂಪು ಬಣ್ಣ, ಒಸಡು-ನಾಲಿಗೆ ಬಿಗಿ ಹಿಡಿಯುವ ಒಗರು, ಗಂಟಲಲ್ಲಿ ಉಳಿಯುವ ಮೈಕಟ್ಟು ಇದ್ದರೆ ಅದು ಖಡಕ್ ವೈನ್. ಕ್ಯಾಬರ್ನೆ ಸಾವಿನ್ಯೋಂ, ಶಿರಾಜ್ ಎಂಬ ಹೆಸರಿನ ಬಾಟಲಿಗಳು ಈ ಜಾತಿಯವು.

ಇವೆಲ್ಲ ಬರುವುದು ಸಿಪ್ಪೆಯಿಂದ. ಕಪ್ಪು ದ್ರಾಕ್ಷಿಯ ಸಿಪ್ಪೆ ಸುಲಿದು ತಿರುಳು ಹಿಂಡಿ ನೋಡಿ, ಬಹುತೇಕ ತಳಿಗಳ ರಸಕ್ಕೆ ಬಣ್ಣವೇ ಇಲ್ಲ. ಬಣ್ಣವಿರುವುದು ಸಿಪ್ಪೆಯಲ್ಲಿ, ಒಗರು ಇರುವುದು ಸಿಪ್ಪೆ ಮತ್ತು ಬೀಜದಲ್ಲಿ. ಅಡಿಕೆ ಬೇಯಿಸಿದ ಚೊಗರು ಕಂಡವರಿಗೆ ಈ ಒಗರಿನ ಪರಿಚಯ ಹೇಳಬೇಕಾಗಿಲ್ಲ, ಎರಡರಲ್ಲೂ ಇರುವುದು ಟ್ಯಾನಿನ್ ಎಂಬ ಒಂದೇ ಬಗೆಯ ವಸ್ತು. ಆದ್ದರಿಂದ ಕೆಂಪು ವೈನಿಗೆ ರಸವನ್ನು ಮೊದಲೇ ಸೋಸುವುದಿಲ್ಲ. ಗೊಂಚಲಿನ ಕಡ್ಡಿ ಬಿಡಿಸಿ, ಹಣ್ಣು ಜಜ್ಜಿ, ಸಿಪ್ಪೆ-ಬೀಜ ಸಮೇತ ತೊಟ್ಟಿಗೆ ತುಂಬಿ ಯೀಸ್ಟ್ ಕೂಡಿಸುತ್ತಾರೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಉಬ್ಬಿದ ಹಾಗೆ ಇದೂ ಗುಳ್ಳೆಯೆದ್ದು ಕುದಿಯುತ್ತದೆ. ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮಾಡುತ್ತದೆ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇಕಡಾ 1ರಷ್ಟು ಆಲ್ಕೋಹಾಲ್ ಎಂಬುದು ಲೆಕ್ಕ. 13-14 ಶೇಕಡಾ ಬರಬೇಕಾದರೆ ಹಣ್ಣು 23-24 ಬ್ರಿಕ್ಸ್ ಸಿಹಿಗೆ ಮಾಗಿರಲೇಬೇಕು. ಈ ಅಂಕಿ ನೆನಪಿರಲಿ, ಕರಾವಳಿಯ ಮಾತಿಗೆ ಬಂದಾಗ ಬೇಕಾಗುತ್ತದೆ.

ಗ್ಯಾಸ್ ಏಳುವಾಗ ಸಿಪ್ಪೆಯೆಲ್ಲ ಮೇಲೆ ಬಂದು ದಪ್ಪ ಪದರ ಕಟ್ಟುತ್ತದೆ. ಅದನ್ನು ದಿನಕ್ಕೆ ಎರಡು-ಮೂರು ಸಲ ಕೆಳಕ್ಕೆ ಒತ್ತಬೇಕು, ಇಲ್ಲವೇ ಕೆಳಗಿನ ರಸವನ್ನು ಪಂಪಿನಿಂದ ಎತ್ತಿ ಮೇಲೆ ಸುರಿಯಬೇಕು. ನಮ್ಮ ಕಾಫಿ ಫಿಲ್ಟರಿನ ಕೆಲಸವೇ ಇದು, ಪುಡಿಯ ಮೇಲೆ ನೀರು ಹಾಯ್ದಷ್ಟೂ ಡಿಕಾಕ್ಷನ್ ಗಟ್ಟಿ. ಉಷ್ಣಾಂಶ 25ರಿಂದ 30 ಡಿಗ್ರಿ. ಒಂದು ವಾರದಿಂದ ಮೂರು ವಾರದವರೆಗೆ ಸಿಪ್ಪೆಯ ಜೊತೆ ಬಿಟ್ಟು, ಆಮೇಲೆ ಸೋಸಿ ಹಿಂಡುತ್ತಾರೆ. ಹೆಚ್ಚು ಹಿಂಡಿದರೆ ಬರುವುದು ಕಹಿ, ಎರಡನೇ ಡಿಕಾಕ್ಷನ್‌ನಂತೆ.

ಇನ್ನೊಂದು ಹುದುಗು ಬಾಕಿ ಇದೆ. ಹಸಿರು ಸೇಬಿನಲ್ಲಿರುವಂಥ ಚುರುಕು ಹುಳಿಯನ್ನು ಬ್ಯಾಕ್ಟೀರಿಯಾಗಳು ಮೊಸರಿನಲ್ಲಿರುವ ಮೆದು ಹುಳಿಯಾಗಿ ಮಾಡುತ್ತವೆ. ಮೊಸರು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳ ಬಳಗವೇ ಇದು. ಬಳಿಕ ಓಕ್ ಮರದ ಪೀಪಾಯಿಯಲ್ಲಿ ಹಲವು ತಿಂಗಳು, ಕೆಲವೊಮ್ಮೆ ಒಂದೂವರೆ ವರ್ಷ. ಬೋರ್ಡೋದ ರೂಢಿಯ ಪೀಪಾಯಿ 225 ಲೀಟರಿನದು, ಅದರಿಂದ 750 ಮಿ.ಲೀ.ಯ 300 ಬಾಟಲಿ.

ಇಷ್ಟು ಕೆಲಸ ಎಲ್ಲಿ ಬೇಕಾದರೂ ಕಲಿತು ಮಾಡಬಹುದು, ಎ.ಸಿ. ಇದ್ದರೆ ಉಡುಪಿಯಲ್ಲೂ ಮಾಡಬಹುದು. ತೊಂದರೆ ಇರುವುದು ಹಣ್ಣಿನಲ್ಲಿ.

ನಮ್ಮ ಕಡಲು, ಅವರ ಕಡಲು

ಬೋರ್ಡೋ ಅಟ್ಲಾಂಟಿಕ್ ಸಮುದ್ರಕ್ಕೆ ಹತ್ತಿರ, ನಿಜ. ಆದರೆ ಅಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 900 ಮಿ.ಮೀ., ಅದೂ ವರ್ಷವಿಡೀ ಹರಡಿಕೊಂಡು. ಹೈದರಾಬಾದಿನಲ್ಲಿ 800ರ ಆಸುಪಾಸು. ಮಂಗಳೂರು-ಉಡುಪಿಯಲ್ಲಿ ಮೂರೂವರೆ ಸಾವಿರಕ್ಕೂ ಮೇಲೆ, ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮಳೆಯ ಲೆಕ್ಕದಲ್ಲಿ ಬೋರ್ಡೋ ಎಂಬುದು ಉಡುಪಿಯ ನೆಂಟನಲ್ಲ, ನಾವೀಗ ಕೂತಿರುವ ಊರಿನ ನೆಂಟ. ಸಮುದ್ರ ಕಂಡಿತೆಂದು ಎರಡನ್ನೂ ಕರಾವಳಿ ಎಂದು ಒಂದೇ ಚೀಲಕ್ಕೆ ಹಾಕಿದ್ದರಿಂದಲೇ ಈ ತಪ್ಪು ಹುಟ್ಟಿದ್ದು.

ಖಡಕ್ ವೈನಿಗೆ ಹೆಸರಾದ ಬೇರೆ ಕರಾವಳಿಗಳೂ ಇವೆ. ಇಟಲಿಯ ಬೋಲ್ಗೆರಿ, ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬೋಷ್, ಆಸ್ಟ್ರೇಲಿಯಾದ ಮಾರ್ಗರೆಟ್ ರಿವರ್. ಅಲ್ಲೆಲ್ಲ ಮಳೆ ಹೆಚ್ಚಾಗಿ ಬೀಳುವುದು ಚಳಿಗಾಲದಲ್ಲಿ, ಬಳ್ಳಿ ಎಲೆ ಉದುರಿಸಿ ನಿದ್ದೆ ಮಾಡುವಾಗ. ಹಣ್ಣು ಮಾಗುವ ಬೇಸಿಗೆ ಒಣ ಬೇಸಿಗೆ, ಮೇಲೆ ಸಮುದ್ರದ ತಂಪುಗಾಳಿ. ನಮ್ಮಲ್ಲಿ ಬಳ್ಳಿಗೆ ನಿದ್ದೆ ಮಾಡಿಸುವ ಚಳಿಯೇ ಇಲ್ಲ, ಮಳೆ ಬರುವುದು ಎಲೆ ತುಂಬಿರುವಾಗ.

ಇಲ್ಲಿ ಒಂದು ಸಂಗತಿ ನಮ್ಮ ಊರಿನವರಿಗೆ ಸ್ವಾರಸ್ಯ. ಅಡಿಕೆ ತೋಟಕ್ಕೆ ಕೊಳೆರೋಗ ಬಾರದಂತೆ ಮಳೆಗಾಲದಲ್ಲಿ ಮರ ಹತ್ತಿ ಹೊಡೆಯುವ ನೀಲಿ ಮದ್ದಿದೆಯಲ್ಲ, ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ, ಅದು ಹುಟ್ಟಿದ್ದೇ ಆ ಬೋರ್ಡೋದ ದ್ರಾಕ್ಷಿ ತೋಟದಲ್ಲಿ. 1880ರ ದಶಕದಲ್ಲಿ ಅಮೆರಿಕದಿಂದ ಬಂದ ಬೂಜು ತುಪ್ಪಟ ರೋಗ, ಅಂದರೆ ಡೌನಿ ಮಿಲ್ಡ್ಯೂ, ಫ್ರಾನ್ಸಿನ ತೋಟಗಳ ಎಲೆಯನ್ನೆಲ್ಲ ಉದುರಿಸುತ್ತಿತ್ತು. ಮೆಡೊಕ್ ಎಂಬಲ್ಲಿ ರೈತರು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಹಾದಿಹೋಕರು ಹಣ್ಣು ಕಿತ್ತು ತಿನ್ನದಿರಲಿ ಎಂಬುದಷ್ಟೇ ಅವರ ಉಪಾಯ. ಆ ಬಳ್ಳಿಗಳ ಎಲೆ ಮಾತ್ರ ಉದುರದೆ ಉಳಿದದ್ದನ್ನು ಬೋರ್ಡೋ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರದ ಪ್ರಾಧ್ಯಾಪಕ ಮಿಲಾರ್ಡೆ ಗಮನಿಸಿ, ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಇಪ್ಪತ್ತೈದು ವರ್ಷದೊಳಗೆ ಅದು ನಮ್ಮ ಸೀಮೆಗೂ ಬಂತು. ಮೈಸೂರು ಸರ್ಕಾರದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಗೊನೆಗೆ ಕೊಟ್ಟೆ ಕಟ್ಟುವ ಹಳೆಯ ಕ್ರಮದ ಬದಲು ಈ ದ್ರಾವಣ ಹೊಡೆಯಲು ಮಲೆನಾಡಿನ ಬೆಳೆಗಾರರಿಗೆ ತಿಳಿಸಿಕೊಟ್ಟರು. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು, ಇವತ್ತಿಗೂ ಅದೇ ಲೆಕ್ಕ.

ಕೊಳೆರೋಗದ ರೋಗಾಣು ಮತ್ತು ದ್ರಾಕ್ಷಿಯ ಬೂಜು ತುಪ್ಪಟದ ರೋಗಾಣು ದೂರದ ದಾಯಾದಿಗಳು. ಎರಡಕ್ಕೂ ಬೇಕಾದದ್ದು ಬಿಡದ ಮಳೆ, ಒದ್ದೆ ಎಲೆ, ಮೋಡ. ಅಂದರೆ ಅಡಿಕೆಯನ್ನೇ ಕಾಪಾಡಲು ಮಳೆಗಾಲದಲ್ಲಿ ಎರಡು-ಮೂರು ಸಲ ಮದ್ದು ಹೊಡೆಯುವ ಜಾಗದಲ್ಲಿ, ಅದಕ್ಕಿಂತ ಎಷ್ಟೋ ಸೂಕ್ಷ್ಮವಾದ ದ್ರಾಕ್ಷಿ ಎಲೆಯನ್ನು ಕಾಪಾಡಬೇಕು. ನಾವೇ ಒಮ್ಮೆ ಊರಿನ ಮನೆಯ ಬಾವಿಕಟ್ಟೆಯ ಹತ್ತಿರ ಕಪ್ಪು ದ್ರಾಕ್ಷಿಯ ಕಡ್ಡಿ ನೆಟ್ಟಿದ್ದೆವು. ಬೇಸಿಗೆಯಲ್ಲಿ ಚಪ್ಪರ ತುಂಬಾ ಹಬ್ಬಿ ನೋಡಿದವರೆಲ್ಲ ಭೇಷ್ ಎಂದರು. ಆಟಿ ತಿಂಗಳು ಮುಗಿಯುವುದರೊಳಗೆ ಎಲೆಯ ಅಡಿ ಬಿಳಿ ಬೂಜು ಬಂದು ಬರೀ ಕಡ್ಡಿ ಉಳಿಯಿತು. ಮೂರನೇ ವರ್ಷ ಎರಡು ಗೊಂಚಲು ಬಿಟ್ಟಿತು. ಚಟ್ನಿಗೆ ಆದೀತು ಎಂದು ಅತ್ತಿಗೆ ಹೇಳಿದ್ದು ಬಿಟ್ಟರೆ ಅದರಿಂದ ಬೇರೆ ಪ್ರಯೋಜನ ಆಗಲಿಲ್ಲ.

ಮಳೆ ಅಕ್ಟೋಬರಿಗೆ ನಿಲ್ಲುತ್ತದಲ್ಲ, ಆಗ ಚಾಟನಿ ಮಾಡಿ ಮಾರ್ಚಿಗೆ ಹಣ್ಣು ಕೊಯ್ದರಾಯಿತು ಎಂದು ಕೇಳುವವರಿದ್ದಾರೆ. ಒಳ್ಳೆಯ ಪ್ರಶ್ನೆ. ಬಯಲುಸೀಮೆಯಲ್ಲಿ ಮಾಡುವುದು ಅದನ್ನೇ. ಏಪ್ರಿಲ್‌ನಲ್ಲಿ ಒಂದು ಚಾಟನಿ, ಅಕ್ಟೋಬರ್ ಸುಮಾರಿಗೆ ಇನ್ನೊಂದು, ಫೆಬ್ರವರಿ-ಮಾರ್ಚ್‌ನಲ್ಲಿ ಕೊಯ್ಲು. ಆದರೆ ಅಕ್ಟೋಬರ್ ಚಾಟನಿಯ ನಂತರ ಬರುವ ಗೊಂಚಲಿನ ಮೊಗ್ಗು ಬಳ್ಳಿಯೊಳಗೆ ಕೂಡುವುದು ಏಪ್ರಿಲ್ ಚಾಟನಿಯ ಮುಂದಿನ ಎರಡು ತಿಂಗಳಲ್ಲಿ, ಬಿಸಿಲು ಇದ್ದರೆ. ಆಮೇಲೆ ನಾಲ್ಕು ತಿಂಗಳು ಎಲೆ ಉಳಿದು ಕಡ್ಡಿಯಲ್ಲಿ ಆಹಾರ ಕೂಡಿಡಬೇಕು. ಕರಾವಳಿಯಲ್ಲಿ ಆ ನಾಲ್ಕು ತಿಂಗಳೇ ಮಳೆಗಾಲ. ಎಲೆ ಹೋದ ಬಳ್ಳಿ ಅಕ್ಟೋಬರಿಗೆ ಬರಿಗೈಯಲ್ಲಿ ನಿಂತಿರುತ್ತದೆ. ಇನ್ನೊಂದು ಅಡ್ಡಿ ರಾತ್ರಿಯ ಸೆಕೆ. ಕಡು ಬಣ್ಣ ಕೂಡಲು, ಹುಳಿ ಕರಗದೆ ಉಳಿಯಲು ಹಗಲು ಬಿಸಿಲು, ರಾತ್ರಿ ತಂಪು ಎರಡೂ ಬೇಕು. ಸಮುದ್ರದ ಬದಿಯಲ್ಲಿ ಜನವರಿಯ ರಾತ್ರಿಯೂ ಬಯಲುಸೀಮೆಯಷ್ಟು ತಣ್ಣಗಾಗುವುದಿಲ್ಲ. ಹಣ್ಣು ಸಿಹಿಯಾದರೂ ಬಣ್ಣ ತೆಳು, ರುಚಿ ಸಪ್ಪೆ. ಹಾಗೆ ಸಪ್ಪೆಯಾಗಬಾರದೆಂದು ಬೇಗ ಕೊಯ್ದರೆ ಮೇಲೆ ಹೇಳಿದ 23-24 ಬ್ರಿಕ್ಸ್ ಸಿಕ್ಕುವುದಿಲ್ಲ.

ಗೋವಾ ಉದಾಹರಣೆ ಕೊಡುವವರಿಗೂ ಒಂದು ಮಾತು. ಗೋವಾದ ಪೋರ್ಟ್ ವೈನ್ ಪ್ರಸಿದ್ಧ, ಪೋರ್ಚುಗೀಸರು ಬಿಟ್ಟುಹೋದ ರುಚಿ. ಆದರೆ ಆ ದ್ರಾಕ್ಷಿ ಗೋವಾದ ಸಮುದ್ರ ದಂಡೆಯಲ್ಲಿ ಬೆಳೆದದ್ದಲ್ಲ, ಘಟ್ಟದ ಮೇಲಿನಿಂದ ಲಾರಿಯಲ್ಲಿ ಇಳಿದದ್ದು. ನಾಲ್ಕೂವರೆ ಶತಮಾನ ಆಳಿದ ವೈನ್ ಕುಡಿಯುವ ಜನವೇ ಕೊಂಕಣ ತೀರದಲ್ಲಿ ಹೆಸರು ಹೇಳುವಂಥ ದ್ರಾಕ್ಷಿ ತೋಟ ಎಬ್ಬಿಸಲಿಲ್ಲ ಎಂಬುದನ್ನು ಯೋಚಿಸಿ. ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮಾಡುವ ಮನೆ ವೈನಿನ ದ್ರಾಕ್ಷಿಯೂ ಮಾರುಕಟ್ಟೆಯದೇ, ಹೆಚ್ಚಾಗಿ ಬೆಂಗಳೂರು ಬ್ಲೂ.

ಹಾಗಾದರೆ ಎಲ್ಲಿ

ಬೆಂಗಳೂರು ಬ್ಲೂ ಎಂದರೆ ಬೆಂಗಳೂರು ಗ್ರಾಮಾಂತರ, ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಕಪ್ಪು ದ್ರಾಕ್ಷಿ. ಜ್ಯೂಸಿಗೆ, ಸಿಹಿ ಪೋರ್ಟಿಗೆ ಒಳ್ಳೆಯದು. ಅದಕ್ಕೆ ತನ್ನದೇ ಒಂದು ಗಾಢ ವಾಸನೆ ಇರುವುದರಿಂದ ಖಡಕ್ ಒಣ ವೈನಿಗೆ ಹೊಂದುವುದಿಲ್ಲ. ನಮ್ಮ ಹೈದರಾಬಾದಿನ ದ್ರಾಕ್ಷಿಯೂ ಈ ಕೆಲಸಕ್ಕೆ ಬರುವುದಲ್ಲ. 1890ರ ಸುಮಾರಿಗೆ ಅಬ್ದುಲ್ ಬಾಕರ್ ಖಾನ್ ಅವರು ಇಲ್ಲಿಗೆ ತಂದ ಅನಾಬ್-ಎ-ಶಾಹಿ ಈ ಊರಿಗೆ ದೊಡ್ಡ ಹೆಸರು ತಂದಿತು, ಆದರೆ ಅದು ಬಿಳಿ ಜಾತಿ, ತಿನ್ನುವ ಹಣ್ಣು. ಮೇಡ್ಚಲ್, ಶಾಮೀರ್‌ಪೇಟೆ ಕಡೆ ಇದ್ದ ತೋಟಗಳಲ್ಲಿ ಎಷ್ಟೋ ಈಗ ಲೇಔಟ್ ಆಗಿವೆ.

ಖಡಕ್ ಕೆಂಪಿಗೆ ಕರ್ನಾಟಕದಲ್ಲಿ ದಾರಿ ತೋರಿಸಿದ್ದು ನಂದಿಬೆಟ್ಟದ ತಪ್ಪಲು. ಕನ್ವಲ್ ಗ್ರೋವರ್ ಅವರು 1980ರ ದಶಕದಲ್ಲಿ ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ಸಲಹೆ ಪಡೆದು ದೊಡ್ಡಬಳ್ಳಾಪುರದ ಹತ್ತಿರ ಫ್ರೆಂಚ್ ತಳಿಗಳನ್ನು ಹಾಕಿಸಿದರು. ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ತಂಪು ರಾತ್ರಿ. ಮುಂದೆ ಬೋರ್ಡೋದ ಹೆಸರಾಂತ ವೈನ್ ತಜ್ಞ ಮಿಷೆಲ್ ರೋಲಾಂ ಸಲಹೆಗಾರರಾಗಿ ಬಂದರು. ಅವರ ಲಾ ರಿಸರ್ವ್ ಎಂಬ ಕ್ಯಾಬರ್ನೆ-ಶಿರಾಜ್ ಬಾಟಲಿಯನ್ನು ನಮ್ಮ ಸದಸ್ಯರಲ್ಲಿ ಹಲವರು ಮಾರಿದ್ದೀರಿ. 2012ರಲ್ಲಿ ನಾಸಿಕದ ಕಡೆಯ ಕಂಪನಿಯೊಂದಿಗೆ ಸೇರಿ ಅದು ಗ್ರೋವರ್ ಜಂಪಾ ಆಯಿತು.

ಇನ್ನೊಂದು ಉದಾಹರಣೆ ನಮ್ಮ ಊರಿನವರದೇ. ಹೈದರಾಬಾದಿನ ಔಷಧ ಉದ್ಯಮಿ ಕೃಷ್ಣಪ್ರಸಾದ್ ಚಿಗುರುಪಾಟಿ ಮತ್ತು ಉಮಾ ಚಿಗುರುಪಾಟಿ ದಂಪತಿ ತಮ್ಮ ಕೃಷ್ಮಾ ಎಸ್ಟೇಟ್ಸ್‌ಗಾಗಿ ಕ್ಯಾಬರ್ನೆ ಬಳ್ಳಿ ನೆಟ್ಟದ್ದು ಎಲ್ಲಿ? ಆಂಧ್ರದ ಸಮುದ್ರ ತೀರದಲ್ಲಲ್ಲ, ಹಂಪಿ ಸೀಮೆಯ ಒಣ ಗುಡ್ಡಗಳ ನಡುವೆ. ದುಡ್ಡಿದ್ದವರು, ಎಲ್ಲಿ ಬೇಕಾದರೂ ಜಾಗ ಕೊಳ್ಳಬಲ್ಲವರು ಹುಡುಕಿದ್ದು ಒಣ ಹವೆಯನ್ನೇ.

ವಿಜಯಪುರ, ಬಾಗಲಕೋಟೆ ಕಡೆಯ ನಮ್ಮ ಖಾನಾವಳಿ ಸದಸ್ಯರು ಈಗ ನಗುತ್ತಿರಬಹುದು. ಅವರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ದ್ರಾಕ್ಷಿ ಬೆಳೆದು ಗೊತ್ತಿರುವ ಕೈಗಳು ಹಳ್ಳಿ ಹಳ್ಳಿಯಲ್ಲಿ. ಅಲ್ಲಿಯ ಬೆಳೆ ಹೆಚ್ಚಾಗಿ ಒಣದ್ರಾಕ್ಷಿಗೆ ಹೋಗುವ ಥಾಮ್ಸನ್ ಸೀಡ್‌ಲೆಸ್, ವೈನ್ ತಳಿ ಕಡಿಮೆ. 2007ರ ಕರ್ನಾಟಕ ವೈನ್ ನೀತಿಯ ನಂತರ ಕೃಷ್ಣಾ ಕಣಿವೆ ಎಂದು ಆ ಸೀಮೆಗೂ ವೈನ್ ನಕಾಶೆಯಲ್ಲಿ ಜಾಗ ಸಿಕ್ಕಿತು. ಕರಾವಳಿಯ ಸದಸ್ಯರಿಗೆ ನಿಜವಾಗಿ ದ್ರಾಕ್ಷಿಯ ಹುಚ್ಚಿದ್ದರೆ ಊರಿನ ಗದ್ದೆ ಅಗೆಯುವ ಬದಲು ಆ ಕಡೆಯ ಸದಸ್ಯರೊಬ್ಬರ ಜೊತೆ ಪಾಲು ಸೇರುವುದು ಮೇಲು.

ಆದರೂ ಲೆಕ್ಕ ಹಾಕಿ ಇಳಿಯಿರಿ. ಬಳ್ಳಿ ನೆಟ್ಟು ವೈನಿಗಾಗುವ ಹಣ್ಣು ಬರಲು ಎರಡು-ಮೂರು ವರ್ಷ, ಬಾಟಲಿಯಾಗಲು ಮತ್ತೆ ಒಂದೆರಡು ವರ್ಷ. ನಾಲ್ಕೈದು ವರ್ಷ ಹಣ ಹೋಗುತ್ತಲೇ ಇರುತ್ತದೆ. ತೋಟಕ್ಕೆ ಲೈಸೆನ್ಸ್ ಬೇಡ, ವೈನರಿಗೆ ಅಬಕಾರಿ ಲೈಸೆನ್ಸ್ ಬೇಕು. ನಿಮ್ಮದೇ ತೋಟದ, ನಿಮ್ಮದೇ ಹೆಸರಿನ ಬಾಟಲಿಯಾದರೂ ಇಲ್ಲಿಯ ನಿಮ್ಮ ಬಾರಿಗೆ ನೇರ ತರಲಾಗದು. ತೆಲಂಗಾಣದಲ್ಲಿ ಬೆವರೇಜಸ್ ಕಾರ್ಪೊರೇಷನ್ನಿನ ಡಿಪೋ ಮೂಲಕವೇ ಬರಬೇಕು. ನಮ್ಮ ತೋಟ, ನಮ್ಮ ವೈನ್, ನಮ್ಮ ಹೋಟೆಲ್ ಎಂಬ ಕನಸಿನ ನಡುವೆ ಈ ಎರಡು ರಾಜ್ಯಗಳ ತೆರಿಗೆ ಕೂತಿದೆ. 1995ರಿಂದ 1997ರವರೆಗೆ ಅವಿಭಜಿತ ಆಂಧ್ರದಲ್ಲಿ ಪಾನನಿಷೇಧ ಇದ್ದಾಗ ಬಾರಿಗೆ ಬೀಗ ಹಾಕಿ ಕೂತ ಹಿರಿಯ ಸದಸ್ಯರಿಗೆ ಸರ್ಕಾರದ ನೀತಿ ಒಂದು ರಾತ್ರಿಯಲ್ಲಿ ಬದಲಾಗಬಲ್ಲದು ಎಂದು ನಾವು ಹೇಳಬೇಕಿಲ್ಲ.

ಸದ್ಯ ಕೈಯಲ್ಲಿರುವ ಬಾಟಲಿ

ತೋಟದ ಮಾತು ಮುಂದಿನದು. ನಮ್ಮವರ ದುಡ್ಡು ಇವತ್ತೇ ಸೋರುತ್ತಿರುವುದು ಸ್ಟೋರ್ ರೂಮಿನಲ್ಲಿ. ವಿಸ್ಕಿ, ರಮ್ ಇಟ್ಟ ಹಾಗೆಯೇ ವೈನನ್ನೂ ಇಡುತ್ತೇವೆ. ವಿಸ್ಕಿ ತಡೆಯುತ್ತದೆ, ವೈನ್ ತಡೆಯುವುದಿಲ್ಲ. ಸದಸ್ಯರೊಬ್ಬರು ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಎರಡು ಪೆಟ್ಟಿಗೆ ಕೆಂಪು ವೈನ್ ಇಟ್ಟಿದ್ದರು. ಮೇ ತಿಂಗಳು, ಹೊರಗೆ 42 ಡಿಗ್ರಿ, ಕೆಳಗೆ ತಂದೂರು. ಜೂನ್‌ನಲ್ಲಿ ತೆಗೆದಾಗ ಬಿರಡೆಗಳು ಮೇಲಕ್ಕೆ ಎದ್ದಿದ್ದವು, ಒಳಗಿನದು ಕಾಯಿಸಿದ ಹುಣಸೆರಸದ ಹಾಗೆ. ಗಿರಾಕಿ ವಾಪಸು ಮಾಡಿದ ಮೇಲೆ ಅವರಿಗೆ ತಿಳಿದದ್ದು.

12ರಿಂದ 15 ಡಿಗ್ರಿ, ಕತ್ತಲು, ಅಲುಗಾಟವಿಲ್ಲದ ಜಾಗ ವೈನಿಗೆ ಬೇಕು. ಬಿರಡೆಯ ಬಾಟಲಿ ಮಲಗಿಸಿ ಇಡಬೇಕು, ನಿಂತೇ ಇದ್ದರೆ ಬಿರಡೆ ಒಣಗಿ ಗಾಳಿ ಒಳಗೆ ಹೋಗುತ್ತದೆ. ತಿರುಪು ಮುಚ್ಚಳದ್ದಕ್ಕೆ ಈ ನಿಯಮವಿಲ್ಲ, ನಮ್ಮಂಥ ಹೋಟೆಲಿಗೆ ಅದೇ ವಾಸಿ. ಬೇರೆ ವ್ಯವಸ್ಥೆ ಇಲ್ಲದಿದ್ದರೆ ಬೇಸಿಗೆ ಮೂರು ತಿಂಗಳು ಫ್ರಿಜ್ಜಿನಲ್ಲೇ ಇಡಿ. ಒಮ್ಮೆಗೆ ಕಡಿಮೆ ತರಿಸಿ, ಬೇಗ ಖಾಲಿ ಮಾಡಿ.

ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕೆಂದು ಪುಸ್ತಕದಲ್ಲಿ ಓದಿ ಹಾಗೇ ಕೊಡುವವರಿದ್ದಾರೆ. ಅದು ಯುರೋಪಿನ ಹಳೆಯ ಮನೆಗಳ ಕೋಣೆ, 16-18 ಡಿಗ್ರಿ. ನಮ್ಮ ಕೋಣೆ 30. ಬಡಿಸುವ ಮೊದಲು ಕಾಲು ಗಂಟೆ ಐಸ್ ನೀರಿನ ಬಕೆಟ್ಟಿನಲ್ಲಿಡಿ, ಅಷ್ಟರಿಂದಲೇ ಒಗರು ಹದಕ್ಕೆ ಬಂದು ಆಲ್ಕೋಹಾಲಿನ ಘಾಟು ತಗ್ಗುತ್ತದೆ. ಒಂದು ಬಾಟಲಿಗೆ 150 ಮಿ.ಲೀ.ಯ 5 ಗ್ಲಾಸು. ತೆರೆದ ಬಾಟಲಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟರೆ ಮೂರು ದಿನ. ನಾಲ್ಕನೇ ದಿನ ಅದನ್ನು ಗಿರಾಕಿಗೆ ಕೊಡಬೇಡಿ, ಮಟನ್ ನೆನೆಸಲು ಅಡುಗೆಮನೆಗೆ ಕೊಡಿ. ಐದರಲ್ಲಿ ಎರಡು ಗ್ಲಾಸು ಹೀಗೆ ಹೋಗುತ್ತದೆಂದು ಮೊದಲೇ ಲೆಕ್ಕ ಹಿಡಿದು ದರ ಇಟ್ಟರೆ ನಷ್ಟವಿಲ್ಲ.

ಊಟದ ಜೊತೆ ಹೇಳುವುದಾದರೆ, ಖಡಕ್ ಕ್ಯಾಬರ್ನೆಗೆ ಕೊಬ್ಬಿರುವ ಮಟನ್ ಹೊಂದುತ್ತದೆ, ಕೊಬ್ಬು ಒಗರನ್ನು ಮೆದು ಮಾಡುತ್ತದೆ. ಖಾರ ಮಾತ್ರ ಅದಕ್ಕೆ ಶತ್ರು. ಮೆಣಸಿನ ಉರಿಯೂ ಒಗರೂ ಸೇರಿದರೆ ಬಾಯಿ ಸುಡುತ್ತದೆ. ಹಾಗಾಗಿ ಕೋಳಿ ಘೀ ರೋಸ್ಟ್‌ಗೆ ಮೆದುವಾದ, ಹಣ್ಣಿನ ರುಚಿ ಮುಂದಿರುವ ಕೆಂಪು ವೈನನ್ನು ಸೂಚಿಸಿ. ಮೀನು ಸಾರಿಗೆ ಖಡಕ್ ಕೆಂಪು ಬೇಡವೇ ಬೇಡ, ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ ಉಳಿಯುತ್ತದೆ. ಗಿರಾಕಿ ಹಟ ಹಿಡಿದರೆ ಕೊಡಿ, ಆದರೆ ವೇಟರ್ ಒಂದು ಮಾತು ಹೇಳಿರಲಿ.

ಹಡಿಲು ಗದ್ದೆಯ ಸದಸ್ಯರಿಗೆ ನಮ್ಮ ಉತ್ತರ: ಸಸಿಯ ಮುಂಗಡ ಕೊಡಬೇಡಿ. ನಂಬಿಕೆ ಬಾರದಿದ್ದರೆ ಪುಣೆ ಬಳಿಯ ಮಾಂಜರಿಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವನ್ನೋ, ಇಲ್ಲಿಯೇ ರಾಜೇಂದ್ರನಗರದ ದ್ರಾಕ್ಷಿ ಸಂಶೋಧನಾ ಕೇಂದ್ರವನ್ನೋ ಒಮ್ಮೆ ಕೇಳಿ. ವಿಜಯಪುರದ ಕಡೆ ಕೊಯ್ಲು ಫೆಬ್ರವರಿ-ಮಾರ್ಚ್‌ನಲ್ಲಿ. ತೋಟ ಕಣ್ಣಾರೆ ನೋಡಿ ಬರಬೇಕೆನ್ನುವ ಸದಸ್ಯರು ಸಂಕ್ರಾಂತಿಯೊಳಗೆ ಕಚೇರಿಯಲ್ಲಿ ಹೆಸರು ಕೊಟ್ಟರೆ, ಆ ಕಡೆಯ ನಮ್ಮ ಸದಸ್ಯರನ್ನು ಕೇಳಿಕೊಂಡು ಒಂದು ವ್ಯಾನಿನ ಏರ್ಪಾಡು ಮಾಡುತ್ತೇವೆ.